ಮೆಟ್ಟಿಲಿಗೊಂದು ಕಂಬಿ



"ತಲೆಗೆ ಬಂದದ್ದು ಪೇಟಕ್ಕೆ ಹೋಯ್ತು" ಅನ್ನುವ ಗಾದೆ ನಮಗೆಲ್ಲ ಗೊತ್ತಿರುವುದೇ. ಅಪಘಾತವಾಗಿ ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರ ಈ ಗಾದೆಯನ್ನು ನಾನು ಕಡಿಮೆಯೆಂದರೆ ಹತ್ತು ಸಲ ಕೇಳಿದೆ. ಒಬ್ಬ ಮಿತ್ರರು ಅದನ್ನು ಕೊಂಚ ತಿದ್ದಿ, "ತಲೆಗೆ ಬಂದದ್ದು ಕಾಲಿಗೆ ಹೋಯ್ತಲ್ಲ, ಬಿಡಿ ಸಾರ್!" ಅಂದರು. ನಾನೂ ನಕ್ಕೆ. ಅವರು ಹೋದ ಮೇಲೆ ಯೋಚನೆಯಾಯಿತು. ಪೇಟ ಹೋದರೆ ಇನ್ನೊಂದು ಕೊಳ್ಳಬಹುದು. ಕಾಲು ಹೋದರೆ?

2016ರ ನವೆಂಬರ್. ಮಳೆಯ ಸಂಜೆ, ಎಂ42 ರಸ್ತೆ, ಕೆಲಸದಿಂದ ಸೊಲಿಹಲ್‌ನ ಮನೆಗೆ ಹತ್ತು ನಿಮಿಷದ ದಾರಿ ಉಳಿದಿತ್ತು. ತಪ್ಪು ಯಾರದು ಎಂಬುದು ಮುಗಿದ ಕತೆ, ಅದನ್ನಿಲ್ಲಿ ಬರೆಯುವುದಿಲ್ಲ. ಬಲಗಡೆ ಸೊಂಟದ ಮೂಳೆ ಮುರಿಯಿತು, ಮೊಣಕಾಲಿನ ಕೆಳಗೂ ಮುರಿಯಿತು. ಆರು ವಾರ ಆಸ್ಪತ್ರೆ. ಮೂಳೆಗಳೇನೋ ಕೂಡಿಕೊಂಡವು, ಪಾದವನ್ನು ಮೇಲೆತ್ತುವ ನರ ಮಾತ್ರ ಚೇತರಿಸಿಕೊಳ್ಳಲಿಲ್ಲ. ಇಲ್ಲಿನವರು ಇದಕ್ಕೆ ಫುಟ್ ಡ್ರಾಪ್ ಅನ್ನುತ್ತಾರೆ. ಹೆಜ್ಜೆ ಎತ್ತಿದರೆ ಪಾದದ ಮುಂಭಾಗ ಮೇಲೇಳದೆ ನೆಲಕ್ಕೆ ತಗಲುತ್ತದೆ. ಹಾಗಾಗಿ ಮೊಣಕಾಲಿನವರೆಗೆ ಬರುವ ಒಂದು ಪ್ಲಾಸ್ಟಿಕ್ ಸ್ಪ್ಲಿಂಟ್, ಅದರ ಮೇಲೊಂದು ದೊಡ್ಡ ಶೂ. ಇದು ಈಗ ನನ್ನ ದೇಹದ ಭಾಗವೇ ಆಗಿದೆ. ಎಂಟು ವರ್ಷದ ಮೇಲಾಯಿತು, ಇನ್ನು ಸರಿಹೋಗುವುದಿಲ್ಲ. ಇದನ್ನು ಕನಿಕರ ಗಿಟ್ಟಿಸಲು ಹೇಳುತ್ತಿಲ್ಲ. ಮುಂದಿನ ಮಾತೆಲ್ಲ ನಿಂತಿರುವುದು "ಸರಿಹೋಗುವುದಿಲ್ಲ" ಎಂಬ ಈ ಒಂದು ಮಾತಿನ ಮೇಲೆ.

ನಮ್ಮ ಜನ ಒಳ್ಳೆಯವರು, ಇದರಲ್ಲಿ ನನಗೆ ಕಿಂಚಿತ್ತೂ ಅನುಮಾನವಿಲ್ಲ. ಮೊದಲ ತಿಂಗಳು ನಮ್ಮ ಮನೆಯ ಫ್ರೀಜರ್ ಬಾಗಿಲು ಹಾಕಲು ಬರುತ್ತಿರಲಿಲ್ಲ. ಬಿಸಿಬೇಳೆ ಭಾತ್, ಹುಳಿ, ಪಲ್ಯ, ಚಪಾತಿ ಹಳೆಯ ಐಸ್‌ಕ್ರೀಂ ಡಬ್ಬಿಗಳಲ್ಲಿ ಬಂದವು, ಮುಚ್ಚಳದ ಮೇಲೆ ಕನ್ನಡದಲ್ಲಿ ಹೆಸರು ಬರೆದುಕೊಂಡು. ಶರ್ಲಿ, ನೋಲ್, ಡಾರಿಜ್‌ನಿಂದಷ್ಟೇ ಅಲ್ಲ, ಕೊವೆಂಟ್ರಿಯಿಂದಲೂ ಜನ ಬಂದರು. ಆದರೆ ಫೆಬ್ರವರಿಯ ಹೊತ್ತಿಗೆ ಡಬ್ಬಿಗಳು ನಿಂತವು. ಯಾರ ತಪ್ಪೂ ಅಲ್ಲ, ಎಲ್ಲರಿಗೂ ಅವರವರ ಸಂಸಾರವಿದೆ. ಆದರೆ ಒಂದು ಸಂಗತಿ ಗಮನಿಸಿ. ಮೊದಲ ತಿಂಗಳು ನಮಗೆ ಆಸ್ಪತ್ರೆಯ ಆಸರೆ ಇತ್ತು, ಸಂಬಳ ಬರುತ್ತಿತ್ತು, "ಇನ್ನೇನು ಸರಿಹೋಗುತ್ತೆ" ಎಂಬ ಭರವಸೆಯೂ ಇತ್ತು. ನಿಜವಾದ ಕಷ್ಟ ಶುರುವಾದದ್ದು ನಾಲ್ಕನೆಯ ತಿಂಗಳಲ್ಲಿ. ಫಿಸಿಯೋ, ಆಸ್ಪತ್ರೆ, ವಕೀಲರು, ಮಗಳ ಈಜು ಕ್ಲಾಸು ಎಲ್ಲಕ್ಕೂ ಕಾರು ಓಡಿಸುವವಳು ನನ್ನ ಹೆಂಡತಿ ಒಬ್ಬಳೇ. ಅದೂ ತನ್ನ ಕೆಲಸದ ಜೊತೆಗೆ. ಹದಿನಾಲ್ಕು ತಿಂಗಳು! "ಯಜಮಾನ್ರು ಹೇಗಿದ್ದಾರೆ?" ಎಂದು ಅವಳನ್ನು ಕೇಳಿದವರು ಬಹಳ ಮಂದಿ. "ನೀವು ಹೇಗಿದ್ದೀರಿ?" ಎಂದು ಕೇಳಿದವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು.

2017ರ ಯುಗಾದಿಗೆ ಉತ್ಸಾಹದಿಂದ ಹೊರಟೆ. ಸಭಾಂಗಣ ಮೊದಲ ಮಹಡಿಯಲ್ಲಿ, ಇಪ್ಪತ್ತೆರಡು ಮೆಟ್ಟಿಲು. ಹತ್ತುವಷ್ಟರಲ್ಲಿ ಬೆವರಿ ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಡುವ ಜಾಗ. ಶೂ ಬಿಚ್ಚಿದರೆ ಸ್ಪ್ಲಿಂಟ್ ನಿಲ್ಲುವುದಿಲ್ಲ, ಸ್ಪ್ಲಿಂಟ್ ಇಲ್ಲದಿದ್ದರೆ ನಾನು ನಿಲ್ಲುವುದಿಲ್ಲ. ಶೂ ಹಾಕಿಕೊಂಡೇ ಒಳಗೆ ಹೋದೆ, ದೇವರ ಪಟದ ಮುಂದೆ ಅಪರಾಧಿಯ ಹಾಗೆ ನಿಂತೆ. ಊಟಕ್ಕೆ ಉದ್ದದ ಸಾಲು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ತಟ್ಟೆ, ಪಾಯಸದ ಲೋಟ ಹಿಡಿಯಲು ಮೂರನೆಯ ಕೈ ಎಲ್ಲಿಂದ ತರಲಿ? ಜೊತೆಗೆ ಪ್ರಶ್ನೆಗಳ ಸುರಿಮಳೆ. "ಪೂರ್ತಿ ಗುಣವಾಗುತ್ತಂತಾ?" "ತಪ್ಪು ಯಾರದು?" "ಇನ್ಶೂರೆನ್ಸಿಂದ ಎಷ್ಟು ಬಂತು?" "ಕೇರಳದ ಎಣ್ಣೆ ಹಚ್ಚಿ ನೋಡಿದ್ರಾ?" "ಶನಿ ಶಾಂತಿ ಮಾಡಿಸಿ ಬಿಡಿ." ಮನೆಗೆ ಬಂದವನೇ ಹೆಂಡತಿಗೆ ಹೇಳಿದೆ, "ಇನ್ನು ನಾನು ಬರೋದಿಲ್ಲ, ನೀವು ಹೋಗಿ ಬನ್ನಿ." ಒಂದೂವರೆ ವರ್ಷ ಹೋಗಲೇ ಇಲ್ಲ. ಕಾಲಿನ ನರ ಹೋದದ್ದಕ್ಕಿಂತ ಈ ಒಂದೂವರೆ ವರ್ಷ ಹೋದದ್ದು ನನಗೆ ಹೆಚ್ಚು ನಷ್ಟ ಎಂದು ಈಗ ಅನಿಸುತ್ತದೆ.

ಇದರಲ್ಲಿ ನನ್ನ ತಪ್ಪೂ ಇದೆ, ಅದನ್ನು ಹೇಳದಿದ್ದರೆ ಬರೆದದ್ದು ಅರ್ಧ ಸತ್ಯವಾದೀತು. ಹಾಸನದಲ್ಲಿರುವ ನನ್ನ ಅಮ್ಮನಿಗೆ ನಾನು ವಿಷಯವನ್ನೇ ಹೇಳಿರಲಿಲ್ಲ! "ವಯಸ್ಸಾದ ಜೀವ, ಅಷ್ಟು ದೂರ, ಸುಮ್ಮನೆ ಕೊರಗುತ್ತಾರೆ" ಎಂಬ ನಮ್ಮೆಲ್ಲರ ಮಾಮೂಲು ಸಮಾಧಾನ. ಪ್ರತಿ ಭಾನುವಾರ ವಿಡಿಯೋ ಕರೆಯಲ್ಲಿ ಸೊಂಟದಿಂದ ಮೇಲಿನ ಮಗನನ್ನು ಮಾತ್ರ ತೋರಿಸಿದೆ. ವರ್ಷ ದಾಟಿದ ಮೇಲೆ, 2017ರ ಡಿಸೆಂಬರಿನಲ್ಲಿ ಊರಿಗೆ ಹೋದೆವು. ಜಗುಲಿಗೆ ಐದು ಮೆಟ್ಟಿಲು. ನಾನು ಗೋಡೆ ಹಿಡಿದು ಹತ್ತುವುದನ್ನು ಅಮ್ಮ ಬಾಗಿಲಲ್ಲಿ ನಿಂತು ನೋಡಿದರು. ಅಳುತ್ತಾರೆ ಅಂದುಕೊಂಡೆ. ಅವರು ಅಂದದ್ದಿಷ್ಟು: "ಮೊದಲೇ ಹೇಳಿದ್ದಿದ್ರೆ ಮೆಟ್ಟಿಲಿಗೊಂದು ಕಂಬಿ ಹಾಕ್ಸಿ ಇಟ್ಟಿರ್ತಿದ್ನಲ್ಲೋ."

ಅತ್ತರು, ಇಲ್ಲವೆನ್ನುವುದಿಲ್ಲ, ಆದರೆ ಆಮೇಲೆ, ರಾತ್ರಿ. ಮಾರನೆಯ ದಿನವೇ ವೆಲ್ಡಿಂಗ್ ಅಂಗಡಿಯವನು ಬಂದು ಅಳತೆ ತೆಗೆದುಕೊಂಡು ಹೋದ. ಮೂರನೆಯ ದಿನ ಕಂಬಿ ನಿಂತಿತ್ತು. ತಮಾಷೆಯೆಂದರೆ, ಈಗ ಅದನ್ನು ದಿನವೂ ಹಿಡಿದು ಓಡಾಡುವವರು ಅಮ್ಮ ಮತ್ತು ಪಕ್ಕದ ಮನೆಯ ಅಜ್ಜಿ. ಜೈಲಿನ ಕಂಬಿ ಎಣಿಸುವುದು ನಮಗೆ ಗೊತ್ತು. ಬಿಡುಗಡೆ ಕೊಡುವ ಕಂಬಿಯೂ ಇರುತ್ತದೆ ಎಂದು ನನಗೆ ಕಲಿಸಿದವರು ನನ್ನ ಅಮ್ಮ.

ನನ್ನ ಅಭಿಪ್ರಾಯವನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬಾರದು. ಶಾಶ್ವತವಾಗಿ ಪೆಟ್ಟಾದವನಿಗೆ ನಾವು ಕೊಡುವುದು ಕನಿಕರ, ಅವನಿಗೆ ಬೇಕಿರುವುದು ಕಂಬಿ. ಇನ್ನೊಂದು ಮಾತು: ಕಂಬಿ ಬೇಕೆಂದು ಬಾಯಿಬಿಟ್ಟು ಹೇಳುವ ಹೊಣೆ ಪೆಟ್ಟಾದವನದೂ ಹೌದು.

ಇಂಥ ಹೊತ್ತಿನಲ್ಲಿ ನಮಗೆ ಎಲ್ಲರೂ ಸಾಹಸಿಗಳ ಕತೆ ಹೇಳುತ್ತಾರೆ. ಕ್ರಿಕೆಟ್ ಪ್ರಿಯನಾದ ನನಗೆ ಸಿಕ್ಕಿದ್ದು ಟೈಗರ್ ಪಟೌಡಿ. 1961ರ ಜುಲೈನಲ್ಲಿ, ಇದೇ ಇಂಗ್ಲೆಂಡಿನ ಹೋವ್ ಪಟ್ಟಣದಲ್ಲಿ, ಅವರು ಕುಳಿತಿದ್ದ ಕಾರು ಅಪಘಾತಕ್ಕೀಡಾಯಿತು. ಗಾಜಿನ ಚೂರು ಹೊಕ್ಕು ಬಲಗಣ್ಣಿನ ದೃಷ್ಟಿ ಹೆಚ್ಚುಕಡಿಮೆ ಹೋಯಿತು. ಆಗ ಅವರಿಗೆ ಬರೀ 20 ವರ್ಷ. ಆರು ತಿಂಗಳೊಳಗೆ, ಅದೇ ಡಿಸೆಂಬರಿನಲ್ಲಿ, ದೆಹಲಿಯಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದರು. 1962ರ ಮಾರ್ಚ್‌ನಲ್ಲಿ, 21ರ ಹರೆಯದಲ್ಲಿ, ಭಾರತದ ನಾಯಕರಾದರು. ಆಡಿದ 46 ಟೆಸ್ಟುಗಳೂ, ಹೊಡೆದ 6 ಶತಕಗಳೂ ಅಪಘಾತದ ನಂತರದವೇ. 1967ರಲ್ಲಿ ಲೀಡ್ಸ್‌ನ ಹೆಡಿಂಗ್ಲೆಯಲ್ಲಿ ಫಾಲೋ ಆನ್ ಆದ ತಂಡವನ್ನು ಎತ್ತಿ ನಿಲ್ಲಿಸಿ 148 ಹೊಡೆದರು. ಅದೇ ಪ್ರವಾಸದಲ್ಲಿ ನಮ್ಮ ಮನೆಯಿಂದ ಸ್ವಲ್ಪವೇ ದೂರವಿರುವ ಎಜ್‌ಬಾಸ್ಟನ್‌ನಲ್ಲಿ ಆಡಿದರು. ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ನಾಲ್ವರೂ ಒಟ್ಟಿಗೆ ಆಡಿದ ಏಕೈಕ ಟೆಸ್ಟ್ ಪಂದ್ಯ ಅದು. ಪಂದ್ಯ ಸೋತೆವು ಅನ್ನಿ, ಆದರೆ ಆ ಮೈದಾನದ ಪಕ್ಕ ಹೋಗುವಾಗಲೆಲ್ಲ ನನಗೆ ಒಕ್ಕಣ್ಣಿನ ನಾಯಕ ನೆನಪಾಗುತ್ತಾರೆ.

ಆದರೆ ನನ್ನ ಮನಸ್ಸಿಗೆ ನಾಟಿದ್ದು ಆ 148 ಓಟಗಳಲ್ಲ. ಅಪಘಾತದ ನಂತರ ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಲು ಹೋದರೆ ನೀರು ಲೋಟದ ಪಕ್ಕ ಮೇಜಿನ ಮೇಲೆ ಬೀಳುತ್ತಿತ್ತು ಎಂದು ಪಟೌಡಿ ಬರೆದುಕೊಂಡಿದ್ದಾರೆ. ಒಂದೇ ಕಣ್ಣಿಗೆ ದೂರದ ಅಂದಾಜು ಸಿಗುವುದಿಲ್ಲ. ಅಂದರೆ ವೇಗದ ಬೌಲರುಗಳನ್ನು ಎದುರಿಸುವ ಮೊದಲು ಅವರು ನೀರು ಬಗ್ಗಿಸುವುದನ್ನು ಕಲಿಯಬೇಕಿತ್ತು! ಕ್ರೀಸಿನಲ್ಲಿ ನಿಲ್ಲುವ ಭಂಗಿ ಬದಲಿಸಿದರು, ಟೋಪಿಯನ್ನು ಬಲಗಣ್ಣಿನ ಮೇಲೆ ಎಳೆದುಕೊಂಡು ಆಡಿದರು. ಹಳೆಯ ಆಟವನ್ನು ಮರಳಿ ಪಡೆಯುವ ಹಟ ಬಿಟ್ಟು, ಇರುವ ಕಣ್ಣಿಗೆ ತಕ್ಕ ಹೊಸ ಆಟ ಕಟ್ಟಿಕೊಂಡರು. ನನ್ನಂಥವನಿಗೆ ಪಾಠವಿರುವುದು ಶತಕದಲ್ಲಲ್ಲ, ಆ ನೀರಿನ ಲೋಟದಲ್ಲಿ.

ಈ ಸಾಹಸದ ಕತೆಗಳಿಗೆ ಇನ್ನೊಂದು ಮುಖವಿದೆ. ನಮ್ಮ ಮೈಸೂರಿನ ಬಿ.ಎಸ್. ಚಂದ್ರಶೇಖರ್ ಅವರನ್ನೇ ನೋಡಿ. ಬಾಲ್ಯದಲ್ಲಿ ಪೋಲಿಯೋ ತಗಲಿ ಬಲಗೈ ಸೊರಗಿತು, ಅದೇ ಕೈಯಿಂದ 58 ಟೆಸ್ಟುಗಳಲ್ಲಿ 242 ವಿಕೆಟ್. 1971ರಲ್ಲಿ ಓವಲ್‌ನಲ್ಲಿ 38 ಓಟಕ್ಕೆ 6 ವಿಕೆಟ್ ಕಿತ್ತು ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದುಕೊಟ್ಟರು. ಈ ಕತೆ ಕನ್ನಡಿಗರ ಮನೆಮನೆಯಲ್ಲೂ ಗೊತ್ತು. ಆದರೆ ಅದೇ ಚಂದ್ರ, ಆಟ ಬಿಟ್ಟು ಎಷ್ಟೋ ವರ್ಷಗಳ ನಂತರ, 1991ರಲ್ಲಿ ಬೆಂಗಳೂರಿನಲ್ಲಿ ರಸ್ತೆ ಅಪಘಾತಕ್ಕೆ ಸಿಕ್ಕಿ ಕಾಲಿಗೆ ಭಾರಿ ಪೆಟ್ಟು ಮಾಡಿಕೊಂಡು, ಓಡಾಡಲು ಆಸರೆ ಬೇಕಾದವರಾದರು ಎಂಬುದು ಎಷ್ಟು ಜನಕ್ಕೆ ನೆನಪಿದೆ? ವಿಕೆಟ್ ತಂದ ಕೈಯನ್ನು ನಾವು ಹೊಗಳಿದೆವು. ಏನನ್ನೂ ಗೆದ್ದುಕೊಡದ ಕಾಲಿನ ಮಾತು ಯಾರಿಗೂ ಬೇಕಾಗಲಿಲ್ಲ.

ನಮ್ಮ ತಕರಾರು ಇಲ್ಲೇ ಇರುವುದು. ಬೆಟ್ಟ ಹತ್ತಿದ, ಪದಕ ಗೆದ್ದ ಅಂಗವಿಕಲರ ವಿಡಿಯೋಗಳನ್ನು ನಾವು ಒಬ್ಬರಿಗೊಬ್ಬರು ಕಳಿಸುತ್ತೇವೆ. "ಮನಸ್ಸಿದ್ದರೆ ಮಾರ್ಗ ನೋಡಿ!" ಎಂದು ಅಡಿಬರಹ. ಓದುವ ಪೆಟ್ಟಾದವನಿಗೆ ಅದು ಹೇಗೆ ಕೇಳಿಸುತ್ತದೆ ಗೊತ್ತೇ? "ನೀನು ಹತ್ತದಿದ್ದರೆ ನಿನ್ನ ಮನಸ್ಸೇ ಸರಿಯಿಲ್ಲ" ಎಂದು. ಪಟೌಡಿ ನವಾಬರು. ನಮ್ಮಂಥವರು ಬೆಳಗಾದರೆ ಕೆಲಸಕ್ಕೆ ಹೋಗಬೇಕು, ಮನೆಯ ಸಾಲ ಕಟ್ಟಬೇಕು. ನಮ್ಮಲ್ಲಿ ಹೆಚ್ಚಿನವರ ಸಾಹಸವೆಂದರೆ ಸ್ನಾನದ ಮನೆಯಲ್ಲಿ ಬೀಳದೆ ಹೊರಗೆ ಬರುವುದು. ಟ್ಯೂಡರ್ ಗ್ರೇಂಜ್ ಪಾರ್ಕಿನಲ್ಲಿ ಕೆರೆಯ ಸುತ್ತ ಒಂದು ಬೆಂಚಿನಿಂದ ಮುಂದಿನ ಬೆಂಚಿನವರೆಗೆ ನಡೆದ ದಿನ ನಾನು ಹೆಂಡತಿಗೆ ಫೋನ್ ಮಾಡಿ ಹೇಳಿದ್ದೆ. ಅದಕ್ಕೆ ಯಾರೂ ವಿಡಿಯೋ ಮಾಡುವುದಿಲ್ಲ, ಮಾಡುವುದೂ ಬೇಡ.

ಹಾಗಾದರೆ ಬದುಕು ಮತ್ತೆ ಕಟ್ಟಿಕೊಂಡದ್ದು ಹೇಗೆ? ಸಣ್ಣಪುಟ್ಟ ಕಂಬಿಗಳಿಂದಲೇ. ನನ್ನ ಬಲಗಾಲು ಆಕ್ಸಿಲರೇಟರ್ ಒತ್ತಲಾರದು. ಆದರೆ ಆಟೋಮ್ಯಾಟಿಕ್ ಕಾರಿನಲ್ಲಿ ಆಕ್ಸಿಲರೇಟರನ್ನು ಎಡಗಾಲಿಗೆ ಬರುವಂತೆ ಜೋಡಿಸಬಹುದು ಎಂದು ನನಗೆ ಗೊತ್ತೇ ಇರಲಿಲ್ಲ. ಕಾರುಗಳ ಊರಿನಲ್ಲಿ ಇಷ್ಟು ವರ್ಷ ಇದ್ದೂ! ಡಿವಿಎಲ್ಎಗೂ ಇನ್ಶೂರೆನ್ಸಿಗೂ ತಿಳಿಸಿ, ಪರೀಕ್ಷೆ ಮಾಡಿಸಿಕೊಂಡು, ಪಾಠ ಹೇಳಿಸಿಕೊಂಡು, 2018ರ ಶುರುವಿನಲ್ಲಿ ಮತ್ತೆ ಸ್ಟೀರಿಂಗ್ ಹಿಡಿದೆ. ಮೊದಲ ದಿನ ಪಕ್ಕದ ಸೀಟಿನಲ್ಲಿ ಹೆಂಡತಿ ಬಾಗಿಲ ಹಿಡಿ ಬಿಡಲೇ ಇಲ್ಲ. ಆ ಸಂಜೆ ಅವಳು ಒಂದೂ ಮಾತಾಡದೆ ಸೋಫಾದ ಮೇಲೆ ಎರಡು ಗಂಟೆ ನಿದ್ದೆ ಹೊಡೆದಳು. ಹದಿನಾಲ್ಕು ತಿಂಗಳ ದಣಿವು.

ಇಲ್ಲಿನ ಸೌಲಭ್ಯಗಳ ಬಗ್ಗೆ ನಮ್ಮವರಿಗೆ ಒಂದು ಸಂಕೋಚವಿದೆ. "ನಾವು ತೆರಿಗೆ ಕಟ್ಟೋರು, ಬೆನಿಫಿಟ್ ತಗೊಳ್ಳೋರಲ್ಲ" ಎಂಬ ಹೆಮ್ಮೆ ನನಗೂ ಇತ್ತು, ಅದರಿಂದ ಒಂದು ವರ್ಷ ಕಳೆದುಕೊಂಡೆ. ಆದ್ದರಿಂದ ಗೊತ್ತಿರುವುದನ್ನು ಬರೆಯುತ್ತೇನೆ. ಬ್ಲೂ ಬ್ಯಾಡ್ಜ್ ಭಿಕ್ಷೆಯಲ್ಲ. ಇಂಗ್ಲೆಂಡಿನಲ್ಲಿ ಅದರ ಶುಲ್ಕ 10 ಪೌಂಡಿಗಿಂತ ಹೆಚ್ಚಿಲ್ಲ, ಕೌನ್ಸಿಲ್ ಮೂಲಕ ಅರ್ಜಿ. ಪಿಪ್ ಎಂಬ ಭತ್ಯೆ ಸಂಬಳ, ಉಳಿತಾಯ ನೋಡಿ ಕೊಡುವಂಥದ್ದಲ್ಲ, ಕೆಲಸದಲ್ಲಿದ್ದವರಿಗೂ ಸಿಗಬಹುದು. ಆದರೆ ವೀಸಾದಲ್ಲಿ ಸಾರ್ವಜನಿಕ ನಿಧಿ ಪಡೆಯಬಾರದೆಂಬ ಷರತ್ತು ಇರುವವರು ಅರ್ಜಿ ಹಾಕುವ ಮೊದಲು ತಿಳಿದವರನ್ನು ಕೇಳಲೇಬೇಕು. 2010ರ ಸಮಾನತಾ ಕಾಯ್ದೆಯ ಪ್ರಕಾರ ಅಂಗವೈಕಲ್ಯ ಇರುವ ನೌಕರನಿಗೆ ತಕ್ಕ ಹೊಂದಾಣಿಕೆ ಮಾಡಿಕೊಡುವುದು ಕಂಪನಿಯ ಕರ್ತವ್ಯ. ಬೇಕಾದ ಸಲಕರಣೆ, ಪ್ರಯಾಣದ ಖರ್ಚಿಗೆ ಆಕ್ಸೆಸ್ ಟು ವರ್ಕ್ ಎಂಬ ಸರ್ಕಾರಿ ಯೋಜನೆಯಿದೆ. ಪರಿಹಾರದ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಗಡುವು. "ನೋಡೋಣ" ಎಂದು ಕುಳಿತರೆ ದಾಟಿ ಹೋಗುತ್ತದೆ. ಇನ್ನು ಆರೈಕೆ ಮಾಡುವ ಗಂಡನೋ ಹೆಂಡತಿಯೋ ತಮ್ಮ ಅಗತ್ಯಗಳನ್ನು ವಿಚಾರಿಸಿ ನೋಡಿ ಎಂದು ಕೌನ್ಸಿಲನ್ನು ಕೇಳಬಹುದು. 2014ರ ಕೇರ್ ಆಕ್ಟ್ ಈ ಹಕ್ಕು ಕೊಟ್ಟಿದೆ. ಈ ಕೊನೆಯದನ್ನು ನಮ್ಮ ಹೆಣ್ಣುಮಕ್ಕಳು ದಯವಿಟ್ಟು ಎರಡು ಸಲ ಓದಿಕೊಳ್ಳಿ.

ಈಗ ನಮ್ಮ ಸಂಘದ ಮಾತಿಗೆ ಬರುತ್ತೇನೆ. ನಾನು ಮತ್ತೆ ಕಾರ್ಯಕ್ರಮಗಳಿಗೆ ಬಂದದ್ದು 2018ರ ದೀಪಾವಳಿಗೆ, ಅದಕ್ಕೆ ಕಾರಣ ಒಬ್ಬ ಗೃಹಿಣಿ. ಅವರ ಮನೆಯ ಸತ್ಯನಾರಾಯಣ ಪೂಜೆಗೆ ನಾನು ಏನೋ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದಾಗ ಅವರು ಹೇಳಿದರು, "ಬಾಗಿಲ ಹತ್ರ ಒಂದು ಕುರ್ಚಿ ಹಾಕಿರ್ತೀನಿ ಅಣ್ಣ. ನೀವು ಒಂದು ಜೊತೆ ಹೊಸ ಶೂ ತಗೊಂಡು ಒಳಗೆ ಹಾಕ್ಕೊಳ್ಳೋಕೆ ಅಂತಲೇ ಇಟ್ಕೊಳ್ಳಿ. ಬೀದಿ ಮುಟ್ಟದ ಶೂಗೆ ಎಂಥ ಮೈಲಿಗೆ?" ಎಷ್ಟು ಸರಳ! ಅಂದಿನಿಂದ ಒಂದು ಚೀಲದಲ್ಲಿ ನನ್ನ "ಒಳ ಶೂ" ಜೊತೆಗೇ ಇರುತ್ತದೆ. ಅವರು ನನ್ನ ಕಾಲಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹಾಗೆಂದು ಕೇಳುವುದೇ ತಪ್ಪು ಅನ್ನುತ್ತಿಲ್ಲ. ನನ್ನ ಇಂಗ್ಲಿಷ್ ಸಹೋದ್ಯೋಗಿಗಳು ಸಭ್ಯತೆಗಾಗಿ ಏನನ್ನೂ ಕೇಳುತ್ತಿರಲಿಲ್ಲ, ಆ ಮೌನವೂ ಒಂಟಿತನವೇ. "ಯಾವಾಗ ಸರಿಹೋಗುತ್ತೆ?" ಬದಲಿಗೆ "ಎಲ್ಲಿ ಕೂತರೆ ನಿಮಗೆ ಅನುಕೂಲ?" ಎಂದು ಕೇಳಿ. ಮೊದಲನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ, ಎರಡನೆಯದಕ್ಕೆ ಇದೆ.

ನನ್ನ ಸಲಹೆ ನಾಲ್ಕೇ. ಒಂದು, ಪ್ರತಿ ಆಮಂತ್ರಣದಲ್ಲೂ ಒಂದು ಸಾಲು ಸೇರಿಸಿ: ಸಭಾಂಗಣಕ್ಕೆ ಎಷ್ಟು ಮೆಟ್ಟಿಲು, ಲಿಫ್ಟ್ ಇದೆಯೇ, ಬಾಗಿಲ ಬಳಿ ಕಾರು ನಿಲ್ಲಿಸಬಹುದೇ. ಎರಡು, ಊಟದ ಸಾಲಿನಲ್ಲಿ ನಿಲ್ಲಲಾಗದವರಿಗೆ ಒಂದೆರಡು ಮೇಜು ಮೀಸಲಿಟ್ಟು ನಮ್ಮ ಹರೆಯದ ಮಕ್ಕಳಿಂದ ಬಡಿಸಿ. ಪಂಕ್ತಿಯಲ್ಲಿ ಬಡಿಸುವುದು ನಮಗೇನು ಹೊಸದೇ? ಮೂರು, ಯಾರಿಗಾದರೂ ಇಂಥ ಕಷ್ಟ ಬಂದರೆ ಡಬ್ಬಿಗಳ ಉತ್ಸಾಹವನ್ನು ಹಂಚಿಕೊಳ್ಳಿ. ಮೊದಲ ತಿಂಗಳು ಹತ್ತು ಮನೆ ಬದಲು ನಾಲ್ಕು ಮನೆ ಸಾಕು. ಉಳಿದ ಆರು ಮನೆಯವರು ನಾಲ್ಕನೆಯ ತಿಂಗಳಿಂದ ಆಸ್ಪತ್ರೆಗೆ, ಫಿಸಿಯೋಗೆ ಸರದಿಯಂತೆ ಕಾರು ಓಡಿಸಿ. ನಾಲ್ಕು, ಅರ್ಜಿ ತುಂಬಿಸಲು ಬಲ್ಲ ಇಬ್ಬರು ಮೂವರ ಹೆಸರು ಸಂಘದ ಬಳಿ ಇರಲಿ. ಒಬ್ಬರು ನಾನೇ.

ಇದರಲ್ಲಿ ಖರ್ಚಿನ ಬಾಬ್ತು ಹೆಚ್ಚಿಲ್ಲ. "ಒಬ್ಬರಿಬ್ಬರಿಗೋಸ್ಕರ ಇಷ್ಟೆಲ್ಲ ಯಾಕೆ?" ಎಂದು ಕೇಳುವವರಿಗೆ ಎರಡು ಉತ್ತರ. ಕಾನೂನಿನ ಉತ್ತರ: ಸದಸ್ಯತ್ವಕ್ಕೆ ನಿಯಮಗಳಿದ್ದು 25 ಅಥವಾ ಹೆಚ್ಚು ಸದಸ್ಯರಿರುವ ಸಂಘಗಳಿಗೂ ಅದೇ ಸಮಾನತಾ ಕಾಯ್ದೆ ಅನ್ವಯಿಸುತ್ತದೆ. ಅಮ್ಮನ ಉತ್ತರ: ಕಂಬಿ ಹಾಕಿಸಿದ್ದು ನನಗಾಗಿ, ಹಿಡಿದು ಹತ್ತುತ್ತಿರುವವರು ಬೇರೆಯವರು. 1980ರ ದಶಕದಲ್ಲಿ ಬಂದ ನಮ್ಮ ಹಿರಿಯರಿಗೆ ಈಗ ವಯಸ್ಸಾಗಿದೆ. ಅವರಲ್ಲಿ ಎಷ್ಟು ಮಂದಿ ಕಾರ್ಯಕ್ರಮಗಳಿಗೆ ಬರುವುದನ್ನು ಸದ್ದಿಲ್ಲದೆ ಬಿಟ್ಟಿದ್ದಾರೆ, ಯಾರಾದರೂ ಲೆಕ್ಕ ಇಟ್ಟಿದ್ದೇವೆಯೇ?

ಬರ್ಮಿಂಗ್‌ಹ್ಯಾಮಿನ ಬಾತ್ ರೋನಲ್ಲಿ 1941ರಲ್ಲಿ ಅಪಘಾತದ ಗಾಯಾಳುಗಳಿಗೆಂದೇ ಒಂದು ಆಸ್ಪತ್ರೆ ಶುರುವಾಗಿತ್ತು. ಗಾಯಾಳುವನ್ನು ಮೊದಲ ದಿನದಿಂದ ಪುನಶ್ಚೇತನದವರೆಗೂ ಕೈಬಿಡದೆ ನೋಡಿಕೊಳ್ಳಬೇಕು ಎಂಬುದು ಅದರ ತತ್ವ. 1993ರಲ್ಲಿ ಅದು ಮುಚ್ಚಿತು, ತತ್ವ ಹಳತಾಗಿಲ್ಲ. ವೈದ್ಯರ ಕೆಲಸ ಒಂದು ದಿನ ಮುಗಿಯುತ್ತದೆ, ಅಲ್ಲಿಂದ ಮುಂದೆ ಕೈಬಿಡದಿರುವ ಕೆಲಸ ನೆಂಟರಿಷ್ಟರದು. ಊರು ಬಿಟ್ಟು ಬಂದ ನಮಗೆ ಇಲ್ಲಿ ನೆಂಟರೆಂದರೆ ನೀವೇ ತಾನೆ?

ನಾನು ಮೊದಲಿನಂತೆ ಆಗಿಲ್ಲ, ಆಗುವುದೂ ಇಲ್ಲ. ಕೆಲವು ರಾತ್ರಿ ಕಾಲು ಉರಿಯುತ್ತದೆ. ಮಗಳ ಜೊತೆ ಓಡಲಾರೆ. ಆದರೂ ಕೆಲಸಕ್ಕೆ ಹೋಗುತ್ತೇನೆ, ಎಡಗಾಲಲ್ಲಿ ಕಾರು ಓಡಿಸುತ್ತೇನೆ, ಬೆಂಚಿನಲ್ಲಿ ಕೂರದೆ ಕೆರೆಯ ಒಂದು ಸುತ್ತು ಮುಗಿಸುತ್ತೇನೆ. ಬರುವ ಯುಗಾದಿಗೆ ಒಳ ಶೂ ಚೀಲದೊಂದಿಗೆ ಬರುತ್ತೇನೆ. ನಿಮ್ಮ ಮನೆಯಲ್ಲೋ ಪಕ್ಕದಲ್ಲೋ ನನ್ನಂತೆ ನೆಪ ಹೇಳಿ ಮನೆಯಲ್ಲೇ ಉಳಿದವರಿದ್ದರೆ ಅವರನ್ನೂ ಕರೆತನ್ನಿ. ಬರುವ ಮೊದಲು ಮೆಟ್ಟಿಲು ಎಷ್ಟೆಂದು ಮಾತ್ರ ಎಣಿಸಿ ಹೇಳಿ.

ಈ ಬಗ್ಗೆ ನಿಮಗೇನನಿಸುತ್ತದೆ? ಒಪ್ಪದಿದ್ದರೂ ಸರಿ, ಬರೆದು ತಿಳಿಸಿ.

ಇಂತಿ ನಿಮ್ಮವ,
ಸೊಲಿಹಲ್‌ನ ಒಬ್ಬ ಸದಸ್ಯ